ಹಾಲಿನ ತಳಿಯ ಹೋರಿಗಳ ಸಂತತಿ ಪರೀಕ್ಷೆಯಲ್ಲಿ ನಿಷ್ಕೃಷ್ಟತೆ

ಹಸುವಿನ ಗುಣವನ್ನು ಅರಿಯುವುದು ಅಷ್ಟು ಕಷ್ಟವಲ್ಲ. ಅದು ಕರೆಯುವ ಹಾಲನ್ನು ಹತ್ತು ತಿಂಗಳು ತೂಗಿ ಬರೆದಿಟ್ಟರೆ ಅದರ ಯೋಗ್ಯತೆಯು ತಾನಾಗಿಯೇ ತಿಳಿಯುವುದು. ಹೋರಿಯ ವಿಷಯವು ಹಾಗಲ್ಲ. ಹೋರಿಯು ಹಾಲು ಕೊಡತಕ್ಕ ಪ್ರಾಣಿಯಲ್ಲ. ಆದರೂ ಅದಕ್ಕೆ ಹುಟ್ಟುವ ಪ್ರತಿಯೊಂದು ಹೆಣ್ಣುಕರುವಿನ ಹುಟ್ಟುಗುಣದಲ್ಲಿ ಅರ್ಧ ಪಾಲು ಅದರದೇ ಆಗಿರುವುದು. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂಬ ಗಾದೆಯು ತಂದೆಯ ಪಾಲನ್ನು ಮರೆತಿದೆ.

ಬಹುಕಾಲದಿಂದ ರೈತರು ಬೀಜದ ಹೋರಿಯನ್ನು ಮೈಕಟ್ಟು, ಬಣ್ಣ, ಕೊಂಬು, ಸುಳಿ ಇವುಗಳನ್ನು ನೋಡಿ ಆರಿಸುತ್ತ ಬಂದರು. ಹಳ್ಳಿಕಾರ್, ಅಮೃತಮಹಲ್ ಮುಂತಾದ ಉಳುವ ಮತ್ತು ಎಳೆಯುವ ತಳಿಗಳಲ್ಲಿ ಈ ಕ್ರಮವು ಪೂರ್ತಿಯಾಗಿ ತಪ್ಪೆನ್ನುವಂತಿಲ್ಲ. ಏತಕ್ಕೆಂದರೆ, ಕಾಲಿನ ಬಲ, ನಡಗೆಯ ಚುರುಕು, ಮೈಯ ಗಟ್ಟಿತನ ಮುಂತಾದ ಬೇಕಾದ ಗುಣಗಳು ಹೋರಿಯ ಮೈಮೇಲೆಯೇ ಕಣ್ಣಿಗೆ ಕಾಣುವುವು. ಹಾಲಿನ ಗುಣವು ಹಾಗೆ ಕಾಣತಕ್ಕದ್ದಲ್ಲ. ಸುಳಿಯ ಶಾಸ್ತ್ರವು ಇದುವರೆಗೆ ಯಾವ ಕೊಟ್ಟಿಗೆಯಲ್ಲಿಯೂ ಹಾಲಿನ ಪಾತ್ರೆಯನ್ನು ತುಂಬಿಸಿದುದಿಲ್ಲ. ತಾಯಿಯ ಹಾಲು, ತಂದೆಯ ವಂಶ ಇವುಗಳಿಂದ ಹೋರಿಯ ಗುಣವನ್ನು ಸ್ವಲ್ಪಮಟ್ಟಿಗೆ ಊಹಿಸಬಹುದು. ಆದರೆ ಒಂದೇ ತಾಯಿತಂದೆಗಳ ಮಕ್ಕಳಲ್ಲಿಯೂ ಒಂದಕ್ಕೆ ಒಳ್ಳೆಯ ಪಾಲು ಬರಬಹುದು, ಇನ್ನೊಂದಕ್ಕೆ ಬಾರದೆ ಇರಬಹುದು. ಆದಕಾರಣ ಹೋರಿಯನ್ನು ಅದರ ಹೆಣ್ಣುಮಕ್ಕಳ ಹಾಲಿನಿಂದಲೇ ಅಳೆಯಬೇಕಾಯಿತು. ಇದಕ್ಕೆ ಸಂತತಿ ಪರೀಕ್ಷೆಯೆಂದು ಹೆಸರು.

ಈ ಪರೀಕ್ಷೆಯು ಸರಿಯಾಗಿ ನಡೆಯಬೇಕಾದ ಅಗತ್ಯವು ಹಿಂದಿಗಿಂತ ಈಗ ಬಹಳ ಹೆಚ್ಚಾಗಿದೆ. ಊರ ಹೋರಿಯು ವರ್ಷಕ್ಕೆ ಐವತ್ತು ಅರವತ್ತು ಹಸುಗಳನ್ನು ಗಬ್ಬಕಟ್ಟಿಸುತ್ತಿದ್ದ ಕಾಲದಲ್ಲಿ ಹೋರಿಯ ಆಯ್ಕೆ ತಪ್ಪಿದರೆ ನಷ್ಟವು ಆ ಊರಿಗೆ ಮುಗಿಯುತ್ತಿತ್ತು. ೧೯೩೯ರಲ್ಲಿ ಮೈಸೂರಿನ ಅರಮನೆಯ ಡೈರಿ ಫಾರಮಿನಲ್ಲಿ ಡಾಕ್ಟರ್ ಸಂಪತ್‌ಕುಮಾರನ್ ಅವರು ಭಾರತದಲ್ಲಿ ಮೊಟ್ಟಮೊದಲು ಕೃತಕ ಗರ್ಭಧಾರಣೆಯನ್ನು ನಡೆಸಿದರು. ಹತ್ತು ವರ್ಷಗಳ ತರುವಾಯ, ೧೯೪೯ರಲ್ಲಿ, ಇಂಗ್ಲೆಂಡಿನ ವಿಜ್ಞಾನಿಗಳು ಗ್ಲಿಸರಿನ್ ಸೇರಿಸಿ ವೀರ್ಯವನ್ನು ಹೆಪ್ಪುಗಟ್ಟಿಸಿಡುವ ಉಪಾಯವನ್ನು ಕಂಡುಹಿಡಿದರು. ೧೯೬೯ರಲ್ಲಿ ಡೆನ್ಮಾರ್ಕ್ ದೇಶದ ಸಹಾಯದಿಂದ ಹೆಸರಘಟ್ಟದಲ್ಲಿ ಹೆಪ್ಪುಗಟ್ಟಿಸಿದ ವೀರ್ಯದ ಕೇಂದ್ರವು ಆರಂಭವಾಯಿತು. ಈಗ ಒಂದು ಹೋರಿಯಿಂದ ವರ್ಷಕ್ಕೆ ಹತ್ತು ಸಾವಿರಕ್ಕೂ ಮೇಲ್ಪಟ್ಟ ಪ್ರಮಾಣಗಳನ್ನು ತಯಾರಿಸಬಹುದು. ಹೋರಿ ಸತ್ತ ಮೇಲೆಯೂ ಅದರ ವೀರ್ಯವು ದ್ರವ ಸಾರಜನಕದಲ್ಲಿ ಉಳಿದಿರುವುದು. ಆದುದರಿಂದ ಒಂದು ಹೋರಿಯ ಆಯ್ಕೆ ತಪ್ಪಿದರೆ ಆ ತಪ್ಪು ಜಿಲ್ಲೆ ಜಿಲ್ಲೆಗಳನ್ನು ದಾಟಿ ಹೋಗುವುದು. ಹುಟ್ಟಿದ ಕಡಸನ್ನು ಮೂರು ವರ್ಷ ಮೇವು ಹಾಕಿ ಸಾಕಿದ ಮೇಲಲ್ಲವೆ ಅದು ಎಷ್ಟು ಕರೆಯುವುದೆಂಬುದು ಬಡ ರೈತನಿಗೆ ತಿಳಿಯುವುದು! ಎರಡು ಹಸುಗಳನ್ನು ನೆಚ್ಚಿಕೊಂಡು ಸಂಸಾರ ನಡೆಸುವವನಿಗೆ ಈ ಮೂರು ವರ್ಷಗಳನ್ನು ಯಾರೂ ಹಿಂದಕ್ಕೆ ಕೊಡಲಾರರು.

ಹಿಂದಿನ ಹೋಲಿಕೆಗಳು ಮತ್ತು ಅವುಗಳ ಲೋಪ

ಹಾಲನ್ನು ಕ್ರಮವಾಗಿ ಅಳೆದು ಬರೆದಿಡುವ ರೈತರ ಮೊದಲ ಸಂಘವು ೧೮೯೫ರಲ್ಲಿ ಡೆನ್ಮಾರ್ಕಿನ ವೇಯೆನ್ ಎಂಬಲ್ಲಿ ಹುಟ್ಟಿತು. ಲೆಕ್ಕಪುಸ್ತಕಗಳು ಸೇರುತ್ತ ಹೋದಂತೆ ಹೋರಿಗಳನ್ನು ಹೋಲಿಸಬೇಕೆಂಬ ಆಸೆಯೂ ಹುಟ್ಟುವುದು ಸಹಜವೇ. ಆಗ ಎಲ್ಲರಿಗೂ ತೋಚಿದ ಮಾರ್ಗವೆಂದರೆ ಹೋರಿಯ ಮಗಳ ಹಾಲನ್ನು ಆ ಮಗಳ ತಾಯಿಯ ಹಾಲಿನೊಡನೆ ಹೋಲಿಸುವುದು. ಅಮೆರಿಕಾ ಸಂಯುಕ್ತ ಸಂಸ್ಥಾನದ ಕೃಷಿ ಇಲಾಖೆಯು ೧೯೩೬ರಿಂದ ೧೯೬೨ರ ವರೆಗೆ ಈ ಕ್ರಮವನ್ನೇ ಅನುಸರಿಸಿತು.

ಹೋಲಿಕೆಯು ನೋಡುವುದಕ್ಕೆ ನ್ಯಾಯವಾಗಿಯೇ ಇದೆ. ತಾಯಂದಿರ ಸರಾಸರಿ ೨,೪೦೦ ಕಿಲೋ, ಹೆಣ್ಣುಮಕ್ಕಳ ಸರಾಸರಿ ೨,೬೦೦ ಕಿಲೋ ಎಂದಾದರೆ ಹೋರಿಯು ೨೦೦ ಕಿಲೋ ಹೆಚ್ಚಿಸಿತೆಂದು ಹೇಳಲು ಯಾರೂ ಹಿಂಜರಿಯುವುದಿಲ್ಲ. ಆದರೆ ತಾಯಿಯು ಕರೆದ ವರ್ಷವೇ ಬೇರೆ, ಮಗಳು ಕರೆದ ವರ್ಷವೇ ಬೇರೆ. ನಡುವೆ ಒಂದು ಬರಗಾಲ ಬಂದು ಹೋಗಿರಬಹುದು. ರೈತನು ಹೊಸದಾಗಿ ಕೊಳವೆಬಾವಿ ತೋಡಿಸಿ ಹಸಿರು ಮೇವನ್ನು ಬೆಳೆದಿರಬಹುದು. ಹಾಲಿನ ಸಂಘದಿಂದ ಪಶು ಆಹಾರವನ್ನು ತರಲು ಆರಂಭಿಸಿರಬಹುದು. ಹೆಚ್ಚಾದ ೨೦೦ ಕಿಲೋ ಹಾಲು ಮೇವಿನಿಂದ ಬಂದಿತೋ ಹೋರಿಯಿಂದ ಬಂದಿತೋ ಹೇಳುವ ಬಗೆಯೇ ಇಲ್ಲ. ಇದಲ್ಲದೆ ಒಳ್ಳೆಯ ಕೊಟ್ಟಿಗೆಯಲ್ಲಿ ಉಳಿದಿರುವ ತಾಯಂದಿರು ಆಯ್ದು ಉಳಿಸಿಕೊಂಡವು. ಅವುಗಳ ಹಾಲು ಅವುಗಳ ಹುಟ್ಟುಗುಣಕ್ಕಿಂತ ಸ್ವಲ್ಪ ಮೇಲಾಗಿಯೇ ಕಾಣಿಸುವುದು.

ಡೆನ್ಮಾರ್ಕಿನವರು ೧೯೪೫ರಿಂದ ಬೇರೊಂದು ದಾರಿಯನ್ನು ಹಿಡಿದರು. ಒಂದೊಂದು ಹೋರಿಯ ಇಪ್ಪತ್ತರಷ್ಟು ಚೊಚ್ಚಲ ಕಡಸುಗಳನ್ನು ಒಂದು ಪರೀಕ್ಷಾ ಕೊಟ್ಟಿಗೆಗೆ ತಂದು, ಒಂದೇ ಕ್ರಮದಲ್ಲಿ ಮೇವು ಕೊಟ್ಟು, ಹಾಲನ್ನು ಅಳೆದರು. ಎಲ್ಲವೂ ಸಮವಾದ ಮೇಲೆ ಉಳಿದ ವ್ಯತ್ಯಾಸವು ಹೋರಿಯದಲ್ಲದೆ ಮತ್ತೇನು ಎಂಬುದು ಅವರ ವಾದ. ವಾದವು ಚೆನ್ನಾಗಿದ್ದರೂ, ಮುಂದೆ ೧೯೫೬ರಲ್ಲಿ ಪಂಡಿತರು ಈ ಕೊಟ್ಟಿಗೆಗಳ ಅಂಕಿಗಳನ್ನು ಅವೇ ಹೋರಿಗಳಿಗೆ ರೈತರ ಮನೆಗಳಲ್ಲಿ ಹುಟ್ಟಿದ ಹೆಣ್ಣುಮಕ್ಕಳ ಅಂಕಿಗಳೊಡನೆ ಹೋಲಿಸಿ ನೋಡಿದಾಗ ಬೇರೊಂದು ಸಂಗತಿ ಹೊರಬಿದ್ದಿತು. ಕೊಟ್ಟಿಗೆಯಲ್ಲಿ ಹೋರಿ ಹೋರಿಗಳ ನಡುವೆ ಕಂಡ ಅಂತರವು ಹೊರಗೆ ಅಷ್ಟಾಗಿ ಕಾಣಲಿಲ್ಲ. ಒಂದು ಹೋರಿಯ ಮಕ್ಕಳೆಲ್ಲವೂ ಒಂದೇ ಕಡೆ ಒಂದೇ ಕೈಯಲ್ಲಿ ಮೇಯ್ದುದರಿಂದ ಆ ಗುಂಪಿನ ಅದೃಷ್ಟವೂ ಹೋರಿಯ ಲೆಕ್ಕಕ್ಕೇ ಸೇರಿಹೋಗಿದ್ದಿತು. ಈ ವಿಷಯವು ವಿಶೇಷವಾಗಿ ಗಮನಾರ್ಹವಾದುದು. ಸರ್ಕಾರದ ಒಂದೇ ಫಾರಮಿನಲ್ಲಿ ಅಚ್ಚುಕಟ್ಟಾಗಿ ಸಾಕಿದ ಇಪ್ಪತ್ತು ಹಸುಗಳಿಗಿಂತ, ಇಪ್ಪತ್ತು ಊರುಗಳ ಇಪ್ಪತ್ತು ಮನೆಗಳಲ್ಲಿ ಹರಡಿರುವ ಇಪ್ಪತ್ತು ಹಸುಗಳು ಹೋರಿಯ ವಿಷಯದಲ್ಲಿ ಹೆಚ್ಚು ನಿಜವನ್ನು ಹೇಳಬಲ್ಲವು.

೧೯೫೪ರಲ್ಲಿ ಬ್ರಿಟನ್ನಿನ ರಾಬರ್ಟ್‌ಸನ್ ಮತ್ತು ರೆಂಡೆಲ್ ಎಂಬುವರು ಈ ತೊಡಕನ್ನು ಬಿಡಿಸಿದರು. ಮಗಳನ್ನು ತಾಯಿಯೊಡನೆ ಹೋಲಿಸುವುದನ್ನು ಬಿಟ್ಟು, ಅದೇ ಕೊಟ್ಟಿಗೆಯಲ್ಲಿ, ಅದೇ ಕಾಲದಲ್ಲಿ ಈದು ಕರೆಯುತ್ತಿರುವ ಬೇರೆ ಹೋರಿಗಳ ಹೆಣ್ಣುಮಕ್ಕಳೊಡನೆ ಹೋಲಿಸಬೇಕೆಂದು ಅವರು ತೋರಿಸಿದರು. ಮಳೆ, ಮೇವು, ಯಜಮಾನನ ಆರೈಕೆ ಎಲ್ಲವೂ ಎರಡು ಪಕ್ಷಕ್ಕೂ ಒಂದೇ ಆಗಿರುವುದರಿಂದ ಅವುಗಳ ಪ್ರಭಾವವು ಕಳೆದುಹೋಗಿ ಹೋರಿಯ ಪಾಲು ಮಾತ್ರ ಉಳಿಯುವುದು. ಇದಕ್ಕೆ ಸಮಕಾಲೀನ ಹೋಲಿಕೆಯೆಂದು ಹೆಸರಾಯಿತು. ಅಮೆರಿಕಾದ ಕಾರ್ನೆಲ್ ವಿಶ್ವವಿದ್ಯಾನಿಲಯದ ಹೆಂಡರ್‌ಸನ್ ಅವರು ಈ ತತ್ತ್ವವನ್ನೇ ಮುಂದುವರಿಸಿ, ಎಲ್ಲ ಹೋರಿಗಳನ್ನೂ ಎಲ್ಲ ಕೊಟ್ಟಿಗೆಗಳನ್ನೂ ಏಕಕಾಲದಲ್ಲಿ ತೂಗುವ ಸಮೀಕರಣಗಳನ್ನು ರಚಿಸಿದರು. ೧೯೮೯ರಿಂದ ಅಮೆರಿಕಾದ ಇಲಾಖೆಯು ತಾಯಿ, ಅಜ್ಜಿ, ಸೋದರಿಯರೆಲ್ಲರ ಅಂಕಿಗಳನ್ನೂ ಒಟ್ಟಿಗೆ ಸೇರಿಸಿ ಲೆಕ್ಕ ಹಾಕತೊಡಗಿತು. ಲೆಕ್ಕವು ಯಂತ್ರದ ಕೆಲಸ. ಅದರ ವಿವರಕ್ಕೆ ಇಲ್ಲಿ ಹೋಗಬೇಕಾದುದಿಲ್ಲ.

ಎಷ್ಟು ಹೆಣ್ಣುಮಕ್ಕಳು ಬೇಕು?

ಅಯೋವಾದ ಲಷ್ ಎಂಬ ಪ್ರಸಿದ್ಧ ವಿದ್ವಾಂಸರು ಈ ಪ್ರಶ್ನೆಯನ್ನು ೧೯೩೧ರಲ್ಲಿಯೇ ಎತ್ತಿದರು. ಪಗಡೆಯ ದಾಳವನ್ನು ಎರಡು ಸಲ ಎಸೆದು, ಎರಡು ಸಲವೂ ಹನ್ನೆರಡು ಬಿದ್ದಿತೆಂದ ಮಾತ್ರಕ್ಕೆ ಮುಂದೆಯೂ ಹನ್ನೆರಡೇ ಬೀಳುವುದೆಂದು ಯಾರೂ ನಂಬುವುದಿಲ್ಲ. ಆದರೆ ನೆರೆಮನೆಯ ಎರಡು ಕಡಸುಗಳು ಚೆನ್ನಾಗಿ ಕರೆದರೆ, ಅವುಗಳ ತಂದೆಯೇ ಹೋರಿಯೆಂದು ಊರೆಲ್ಲ ನಂಬುವುದು!

ಹಾಲಿನ ಪ್ರಮಾಣದಲ್ಲಿ ಹಸು ಹಸುಗಳಿಗೆ ಕಾಣುವ ಭೇದದಲ್ಲಿ ಸುಮಾರು ಕಾಲು ಭಾಗ ಮಾತ್ರ ಹುಟ್ಟುಗುಣದಿಂದ ಬರುವುದೆಂದೂ ಉಳಿದ ಮುಕ್ಕಾಲು ಮೇವು, ಹವೆ, ರೋಗ, ಆರೈಕೆಗಳಿಂದ ಬರುವುದೆಂದೂ ಇಟ್ಟುಕೊಂಡರೆ, ಲೆಕ್ಕವು ಬಹಳ ಸುಲಭವಾಗುವುದು. ಹೆಣ್ಣುಮಕ್ಕಳ ಸಂಖ್ಯೆಯನ್ನು, ಅದೇ ಸಂಖ್ಯೆಗೆ ಹದಿನೈದನ್ನು ಕೂಡಿಸಿ ಬಂದ ಮೊತ್ತದಿಂದ ಭಾಗಿಸಬೇಕು. ಕಂಡ ಹೆಚ್ಚಳದಲ್ಲಿ ಅಷ್ಟು ಅಂಶವನ್ನು ಮಾತ್ರ ನಂಬಬಹುದು. ಐದು ಮಕ್ಕಳಿದ್ದರೆ ಇಪ್ಪತ್ತರಲ್ಲಿ ಐದು, ಅಂದರೆ ನೂರಕ್ಕೆ ೨೫, ಹತ್ತಿದ್ದರೆ ನೂರಕ್ಕೆ ೪೦, ಐವತ್ತಿದ್ದರೆ ೭೭, ನೂರಿದ್ದರೆ ೮೭.

ಒಂದು ಉದಾಹರಣೆಯಿಂದ ಇದರ ಮಹತ್ತ್ವವು ಸ್ಪಷ್ಟವಾಗುವುದು. ಒಂದು ಹೋರಿಗೆ ಹತ್ತು ಹೆಣ್ಣುಮಕ್ಕಳು. ಅವು ತಮ್ಮ ಸಮಕಾಲೀನ ಹಸುಗಳಿಗಿಂತ ಸರಾಸರಿ ೩೦೦ ಕಿಲೋ ಹೆಚ್ಚಾಗಿ ಕರೆದಿವೆ. ಎರಡನೆಯ ಹೋರಿಗೆ ಅರವತ್ತು ಹೆಣ್ಣುಮಕ್ಕಳು. ಅವುಗಳ ಹೆಚ್ಚಳ ೧೮೦ ಕಿಲೋ ಮಾತ್ರ. ಯಾವ ಹೋರಿಯನ್ನು ಆರಿಸಬೇಕು? ಮೊದಲನೆಯದರ ೩೦೦ರಲ್ಲಿ ನೂರಕ್ಕೆ ೪೦ರಂತೆ ೧೨೦ ಕಿಲೋವನ್ನು ಮಾತ್ರ ಅದರ ಮುಂದಿನ ಹೆಣ್ಣುಮಕ್ಕಳಿಂದ ನಿರೀಕ್ಷಿಸಬಹುದು. ಎರಡನೆಯದರ ೧೮೦ರಲ್ಲಿ ನೂರಕ್ಕೆ ೮೦ರಂತೆ ೧೪೪ ಕಿಲೋವನ್ನು ನಿರೀಕ್ಷಿಸಬಹುದು. ಸಣ್ಣ ಅಂಕಿಯ ಹೋರಿಯೇ ಮೇಲು. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಅಚ್ಚಾಗುವುದು ಮಾತ್ರ ಸಾಮಾನ್ಯವಾಗಿ ಮೊದಲನೆಯದು.

ಹಾಗಾದರೆ ಪ್ರತಿಯೊಂದು ಹೋರಿಗೂ ನೂರಾರು ಹೆಣ್ಣುಮಕ್ಕಳನ್ನು ಅಳೆಯಬಹುದಲ್ಲವೆ ಎಂದು ಕೇಳಬಹುದು. ಅಳೆಯುವ ಶಕ್ತಿಗೆ ಮಿತಿಯುಂಟು. ಒಂದು ಯೋಜನೆಯವರು ೧,೨೦೦ ಕಡಸುಗಳ ಹಾಲನ್ನು ಮಾತ್ರ ಅಳೆಯಬಲ್ಲರೆಂದು ಭಾವಿಸಿದರೆ, ನೂರು ಮಕ್ಕಳಂತೆ ಹನ್ನೆರಡು ಹೋರಿಗಳನ್ನು ಪರೀಕ್ಷಿಸಬಹುದು. ಹತ್ತು ಮಕ್ಕಳಂತೆ ನೂರಿಪ್ಪತ್ತು ಹೋರಿಗಳನ್ನು ಪರೀಕ್ಷಿಸಬಹುದು. ಮೊದಲನೆಯದರಲ್ಲಿ ತೀರ್ಪು ಖಚಿತ, ಆದರೆ ಹನ್ನೆರಡರಲ್ಲಿ ಆರಿಸುವುದಕ್ಕೆ ಅವಕಾಶ ಕಡಮೆ. ಎರಡನೆಯದರಲ್ಲಿ ಅವಕಾಶ ಹೆಚ್ಚು, ತೀರ್ಪಿಗೆ ಬೆಲೆಯಿಲ್ಲ. ಹೋರಿಯೊಂದಕ್ಕೆ ಮೂವತ್ತರಿಂದ ಐವತ್ತು ಮಕ್ಕಳಂತೆ ಇಪ್ಪತ್ತನಾಲ್ಕರಿಂದ ನಲವತ್ತು ಹೋರಿಗಳನ್ನು ಪರೀಕ್ಷಿಸುವ ಮಧ್ಯಮಾರ್ಗವು ಇವೆರಡಕ್ಕಿಂತಲೂ ಲಾಭಕರವೆಂದು ಗಣಿತವು ತೋರಿಸುವುದು. ಪರೀಕ್ಷೆಗಾಗಿ ಬಳಸುವ ವೀರ್ಯದ ಲೆಕ್ಕವೂ ಇದಕ್ಕೆ ತಕ್ಕಂತಿರಬೇಕು. ಗಬ್ಬ ನಿಲ್ಲದವು, ಗಂಡುಕರು ಹಾಕಿದವು, ಸತ್ತವು, ಮಾರಿಹೋದವು ಇವೆಲ್ಲವೂ ಕಳೆದು ಕೊನೆಗೆ ಅಳತೆಗೆ ಸಿಕ್ಕುವ ಕಡಸುಗಳು ಕೊಟ್ಟ ಪ್ರಮಾಣಗಳ ಒಂದು ಸಣ್ಣ ಪಾಲು ಮಾತ್ರ.

ಎರಡು ಹಸುವಿನ ಕೊಟ್ಟಿಗೆಗಳು

ಬ್ರಿಟನ್ನಿನಲ್ಲಿಯೂ ಅಮೆರಿಕಾದಲ್ಲಿಯೂ ಒಂದೊಂದು ಕೊಟ್ಟಿಗೆಯಲ್ಲಿ ಹತ್ತಾರು, ನೂರಾರು ಹಸುಗಳಿರುವುದರಿಂದ ಸಮಕಾಲೀನ ಹಸುಗಳು ಅಲ್ಲಿಯೇ ಸಿಕ್ಕುವುವು. ನಮ್ಮ ದೇಶದಲ್ಲಿ ರೈತನ ಮನೆಯಲ್ಲಿರುವುದು ಒಂದೋ ಎರಡೋ ಹಸು. ಚೊಚ್ಚಲ ಕಡಸಿಗೆ ಅದೇ ಕೊಟ್ಟಿಗೆಯಲ್ಲಿ ಜೊತೆಗಾತಿಯೆಂಬುದೇ ಇಲ್ಲ. ಆದಕಾರಣ ಕೊಟ್ಟಿಗೆಗೆ ಬದಲಾಗಿ ಊರನ್ನು ಅಥವಾ ಅಕ್ಕಪಕ್ಕದ ಕೆಲವು ಊರುಗಳನ್ನು ಒಂದು ಗುಂಪಾಗಿ ತೆಗೆದುಕೊಂಡು, ಒಂದೇ ವರ್ಷದ ಒಂದೇ ಋತುವಿನಲ್ಲಿ ಈದ ಕಡಸುಗಳನ್ನು ಪರಸ್ಪರ ಹೋಲಿಸುವುದು ವಾಡಿಕೆಯಾಗಿದೆ. ಕೇರಳದಲ್ಲಿ ೧೯೬೩ರಲ್ಲಿ ಮಾಟ್ಟುಪೆಟ್ಟಿಯಲ್ಲಿ ಆರಂಭವಾದ ಇಂಡೋ-ಸ್ವಿಸ್ ಯೋಜನೆಯ ಮುಂದುವರಿಕೆಯಾಗಿ ೧೯೭೭ರಿಂದ ರೈತರ ಮನೆಗಳಲ್ಲಿಯೇ ಸಂತತಿ ಪರೀಕ್ಷೆಯು ನಡೆಯುತ್ತ ಬಂದಿದೆ. ಗುಜರಾತಿನಲ್ಲಿ ಸಾಬರಮತಿ ಆಶ್ರಮ ಗೋಶಾಲೆಯವರು ಮಿಶ್ರತಳಿಯ ಹಸುಗಳಿಗೂ ಮುರ್ರಾ ಎಮ್ಮೆಗಳಿಗೂ ಇದನ್ನು ನಡೆಸಿದ್ದಾರೆ. ೨೦೧೨ರಿಂದ ೨೦೧೯ರ ವರೆಗೆ ನಡೆದ ರಾಷ್ಟ್ರೀಯ ಹೈನು ಯೋಜನೆಯ ಮೊದಲನೆಯ ಘಟ್ಟದಲ್ಲಿ ಈ ಕೆಲಸವು ಹಲವು ಪ್ರಾಂತಗಳಿಗೆ ಹರಡಿತು.

ಊರನ್ನು ಗುಂಪಾಗಿ ತೆಗೆದುಕೊಂಡಾಗ ಒಂದು ಅಪಾಯವುಂಟು. ಒಂದೇ ಊರಿನಲ್ಲಿಯೂ ಕೆರೆಯ ಕೆಳಗಿನ ಗದ್ದೆಯವನ ಕಡಸು ಮೇಯುವುದೇ ಬೇರೆ, ಕೂಲಿಯವನ ಕಡಸು ಬದುವಿನ ಮೇಲೆ ಮೇಯುವುದೇ ಬೇರೆ. ವೀರ್ಯವನ್ನು ಹಂಚುವ ನೌಕರನು ಹೆಸರುವಾಸಿಯಾದ ಹೋರಿಯದನ್ನು ಊರ ಗೌಡರ ಮನೆಗೂ, ಹೆಸರಿಲ್ಲದ ಹೋರಿಯದನ್ನು ಉಳಿದವರ ಮನೆಗೂ ಕೊಡುತ್ತ ಹೋದರೆ, ಅಳತೆಯು ಹೋರಿಗಳನ್ನು ಹೋಲಿಸದೆ ಗೌಡರ ಹುಲ್ಲಿನ ಬಣವೆಯನ್ನೂ ಬಡವನ ಹುಲ್ಲಿನ ಹೊರೆಯನ್ನೂ ಹೋಲಿಸಿದಂತಾಗುವುದು. ಇದನ್ನು ಯಾವ ಯಂತ್ರವೂ ತಿದ್ದಲಾರದು. ಆದುದರಿಂದ ಪರೀಕ್ಷೆಯಲ್ಲಿರುವ ಎಲ್ಲ ಹೋರಿಗಳ ವೀರ್ಯವನ್ನೂ ಗುಟ್ಟಿನ ಸಂಖ್ಯೆಗಳಿಂದ ಗುರುತು ಮಾಡಿ, ಬೆದೆಗೆ ಬಂದ ಹಸುವಿಗೆ ಸರದಿಯಂತೆ ಬಂದುದನ್ನು ಕೊಡತಕ್ಕದ್ದು. ಯಾವ ಹೋರಿಯದೆಂಬುದು ಕೊಡುವವನಿಗೂ ಪಡೆಯುವವನಿಗೂ ತಿಳಿಯದಿರುವುದೇ ಲೇಸು. ಪ್ರತಿಯೊಂದು ಹೋರಿಯ ಮಕ್ಕಳೂ ಸಾಧ್ಯವಾದಷ್ಟು ಹೆಚ್ಚು ಊರುಗಳಲ್ಲಿ ಹರಡಿರಬೇಕು. ಪ್ರತಿಯೊಂದು ಊರಿನಲ್ಲಿಯೂ ಹಲವು ಹೋರಿಗಳ ಮಕ್ಕಳಿರಬೇಕು. ಹೀಗಿಲ್ಲದಿದ್ದರೆ ಒಂದು ತಾಲ್ಲೂಕಿನ ಹೋರಿಯನ್ನು ಮತ್ತೊಂದು ತಾಲ್ಲೂಕಿನ ಹೋರಿಯೊಡನೆ ಹೋಲಿಸಲು ಸೇತುವೆಯೇ ಇರುವುದಿಲ್ಲ.

ಹೊರದೇಶದಲ್ಲಿ ಸಾವಿರಾರು ಮಕ್ಕಳಿಂದ ಪರೀಕ್ಷೆಯಾಗಿ ಬಂದ ಹೋರಿಯ ವೀರ್ಯವಿರುವಾಗ ಇಷ್ಟು ಶ್ರಮವೇಕೆಂದು ಕೆಲವರು ಆಕ್ಷೇಪಿಸುವುದುಂಟು. ಆ ಮಕ್ಕಳು ತಂಪುಹವೆಯಲ್ಲಿ, ಹೊಟ್ಟೆ ತುಂಬ ಧಾನ್ಯ ತಿಂದು ಕರೆದವು. ರಾಗಿಹುಲ್ಲು, ಸ್ವಲ್ಪ ಬೂಸ, ಬೇಸಗೆಯ ಬಿಸಿಲು, ಉಣ್ಣೆಯ ಕಾಟ ಇವುಗಳ ನಡುವೆಯೂ ಹೋರಿಗಳ ಮೇಲುಕೀಳು ಅದೇ ಕ್ರಮದಲ್ಲಿ ನಿಲ್ಲುವುದೆಂಬ ಭರವಸೆಯಿಲ್ಲ. ಮಗಳು ಎಲ್ಲಿ ಬಾಳಬೇಕೋ ಅಲ್ಲಿಯೇ ತಂದೆಯ ಪರೀಕ್ಷೆಯಾಗುವುದು ನ್ಯಾಯ.

ಹಾಲಿನ ಅಳತೆ

ಮೇಲೆ ಹೇಳಿದ ಎಲ್ಲ ಲೆಕ್ಕಗಳಿಗೂ ತಳಹದಿಯೆಂದರೆ ತಿಂಗಳಿಗೊಮ್ಮೆ ಬೆಳಗಿನ ಜಾವ ರೈತನ ಹಟ್ಟಿಗೆ ಬಂದು ಹಾಲು ತೂಗುವ ದಾಖಲೆಗಾರನು. ಅವನ ಸಂಬಳ ಚಿಕ್ಕದು, ಹೊಣೆ ದೊಡ್ಡದು. ಕಡಸು ಈದು ಗಿಣ್ಣುಹಾಲಿನ ದಿನಗಳು ಕಳೆದ ಮೇಲೆ ತಿಂಗಳಿಗೊಂದು ದಿನದಂತೆ, ಬೆಳಗ್ಗೆ ಮತ್ತು ಸಂಜೆ ಎರಡು ಹೊತ್ತಿನ ಹಾಲನ್ನೂ ತೂಗಿ ಬರೆಯುತ್ತ ಹೋಗಿ, ೩೦೫ ದಿನಗಳ ಮೊತ್ತವನ್ನು ಕಟ್ಟುವರು. ಒಂದು ಅಳತೆಯ ದಿನ ೧೦ ಕಿಲೋ, ಮೂವತ್ತು ದಿನಗಳ ಮೇಲೆ ಮುಂದಿನ ಅಳತೆಯಲ್ಲಿ ೮ ಕಿಲೋ ಎಂದಾದರೆ, ನಡುವಣ ಸರಾಸರಿ ೯ ಕಿಲೋ. ಮೂವತ್ತು ದಿನಕ್ಕೆ ೨೭೦ ಕಿಲೋ. ಹೀಗೆ ಒಂದೊಂದು ದಿನದ ಅಳತೆಯ ಮೇಲೆ ಒಂದೊಂದು ತಿಂಗಳ ಲೆಕ್ಕವು ನಿಂತಿರುವುದು.

ದಾಖಲೆಗಾರನು ಬೆಳಗಿನ ಹಾಲನ್ನು ತೂಗಿ, ಸಂಜೆಯದನ್ನು ಕೇಳಿ ಬರೆದುಕೊಂಡು ಹೋದನೆಂದು ಭಾವಿಸಿ. ಮನೆಯವರು ನಾಲ್ಕೋ ಐದೋ ಇರಬಹುದೆನ್ನುವರು. ಅವನು ಐದೆಂದು ಬರೆಯುವನು. ದಿನಕ್ಕೆ ಒಂದು ಕಿಲೋ ತಪ್ಪಿದರೆ, ಪ್ರತಿ ತಿಂಗಳೂ ಹೀಗೆಯೇ ಆದಲ್ಲಿ, ೩೦೫ ದಿನಗಳಿಗೆ ಅಷ್ಟೇ ಕಿಲೋ ತಪ್ಪಾಯಿತು. ಒಳ್ಳೆಯ ಹೋರಿಗೂ ಸಾಮಾನ್ಯ ಹೋರಿಗೂ ಇರುವ ಅಂತರವನ್ನು ಹುಡುಕಲು ಹೊರಟವರಿಗೆ ಆ ಅಂತರಕ್ಕಿಂತ ದೊಡ್ಡ ತಪ್ಪು ಎದುರಾಯಿತು. ಲೀಟರಿನ ಅಳತೆಯಲ್ಲಿ ನೊರೆಯನ್ನೂ ಹಾಲೆಂದು ಎಣಿಸುವುದು, ಲೀಟರನ್ನೂ ಕಿಲೋವನ್ನೂ ಒಂದೇ ಎಂದು ಬರೆಯುವುದು, ಕರುವಿಗೆ ಒಂದು ಮೊಲೆ ಬಿಟ್ಟುದನ್ನು ಗುರುತು ಮಾಡದಿರುವುದು ಇವೂ ಇಂಥವೇ. ನೊರೆ ಇಳಿಯುವವರೆಗೆ ಕಾದು, ತಕ್ಕಡಿಯಲ್ಲಿ ತೂಗುವುದೇ ಸರಿಯಾದ ಕ್ರಮ.

ಮನೆಯಲ್ಲಿ ಕುಳಿತು ಬರೆದ ಅಂಕಿಗಳನ್ನು ಮೇಲ್ವಿಚಾರಕನು ಕಂಡುಹಿಡಿಯಲು ಒಂದು ಸುಲಭವಾದ ಉಪಾಯವುಂಟು. ನಿಜವಾಗಿ ತೂಗಿದ ಅಂಕಿಗಳ ಕೊನೆಯ ಸ್ಥಾನದಲ್ಲಿ ಸೊನ್ನೆಯಿಂದ ಒಂಬತ್ತರ ವರೆಗೆ ಎಲ್ಲ ಅಂಕಗಳೂ ಹೆಚ್ಚು ಕಡಮೆ ಸಮವಾಗಿ ಬರುವುವು: ೪.೩, ೫.೮, ೩.೭ ಹೀಗೆ. ಊಹಿಸಿ ಬರೆದ ಪುಸ್ತಕದಲ್ಲಿ ೪.೦, ೪.೫, ೫.೦ ಇವೇ ತುಂಬಿರುವುವು. ಎರಡು ತಿಂಗಳು ಒಂದೇ ಅಂಕಿ ಬಂದಿರುವುದೂ, ಒಂದೇ ಬೆಳಗ್ಗೆ ಮೂರು ಊರುಗಳ ಮೂವತ್ತು ಹಸುಗಳನ್ನು ಒಬ್ಬನೇ ಅಳೆದಿರುವುದೂ ಇದರ ಲಕ್ಷಣಗಳು. ಇಂಥ ಪುಸ್ತಕವನ್ನು ಸಂಶಯಿಸಿ, ಮರುದಿನವೇ ಮುನ್ಸೂಚನೆಯಿಲ್ಲದೆ ಹೋಗಿ ಕೆಲವು ಹಸುಗಳನ್ನು ತೂಗಿ ನೋಡತಕ್ಕದ್ದು.

ಅಳತೆಯ ಅಲಕ್ಷ್ಯಕ್ಕೆ ಎಷ್ಟು ಬೆಲೆ ತೆರಬೇಕಾಗುವುದೆಂಬುದನ್ನೂ ಲೆಕ್ಕ ಹಾಕಬಹುದು. ತಪ್ಪು ತೂಕ, ಗುರುತಿಸದ ಮೇವಿನ ಭೇದ ಇವುಗಳು ಸೇರಿ, ಕಾಣುವ ವ್ಯತ್ಯಾಸದಲ್ಲಿ ಹುಟ್ಟುಗುಣದ ಪಾಲು ಕಾಲು ಭಾಗದಿಂದ ಹತ್ತನೆಯ ಒಂದು ಭಾಗಕ್ಕೆ ಇಳಿಯಿತೆಂದು ಇಟ್ಟುಕೊಂಡರೆ, ಮೇಲಿನ ಸೂತ್ರದಲ್ಲಿ ಹದಿನೈದರ ಬದಲು ಮೂವತ್ತೊಂಬತ್ತನ್ನು ಕೂಡಿಸಬೇಕಾಗುವುದು. ಮೊದಲು ಅರವತ್ತು ಹೆಣ್ಣುಮಕ್ಕಳಿಂದ ನೂರಕ್ಕೆ ೮೦ರ ನಂಬಿಕೆ ಬರುತ್ತಿದ್ದುದಕ್ಕೆ ಈಗ ೧೫೬ ಹೆಣ್ಣುಮಕ್ಕಳು ಬೇಕು. ಒಂದೊಂದು ಹೋರಿಗೂ ತೊಂಬತ್ತಾರು ಕಡಸುಗಳನ್ನು ಹೆಚ್ಚಾಗಿ ಹುಟ್ಟಿಸಿ, ಸಾಕಿ, ಅಳೆಯಬೇಕು. ಒಳ್ಳೆಯ ತಕ್ಕಡಿಯೂ ದಾಖಲೆಗಾರನಿಗೆ ತಕ್ಕ ಸಂಬಳವೂ ಇದರ ಮುಂದೆ ಯಾವ ಖರ್ಚು?

ರೈತನ ಕಡೆಯಿಂದ ಆಗುವ ಒಂದು ತೊಡಕನ್ನೂ ಇಲ್ಲಿ ಹೇಳಬೇಕು. ಕಡಸು ಕಡಮೆ ಕರೆಯುವುದೆಂದು ಕಂಡೊಡನೆ ಮೂರನೆಯ ತಿಂಗಳಿಗೇ ಅದನ್ನು ಸಂತೆಗೆ ಹೊಡೆಯುವುದುಂಟು. ಇದರಲ್ಲಿ ರೈತನ ತಪ್ಪಿಲ್ಲ. ಅವನ ಮೇವು ಅವನದು. ಆದರೆ ಹೀಗೆ ಹೋದ ಕಡಸಿನ ಪುಟವನ್ನು ಪೂರ್ಣವಾಗಿಲ್ಲವೆಂದು ಹರಿದುಹಾಕಿದರೆ, ಇಪ್ಪತ್ತು ಮಕ್ಕಳಲ್ಲಿ ತೀರ ಕೀಳಾದ ಐದು ಲೆಕ್ಕದಿಂದ ಮರೆಯಾಗಿ, ಉಳಿದ ಹದಿನೈದರ ಸರಾಸರಿಯು ಏರಿ, ಕೆಟ್ಟ ಹೋರಿಯು ಒಳ್ಳೆಯದಾಗಿ ಹೊರಬರುವುದು. ಮೂರು ತಿಂಗಳ ಅಳತೆಯೂ ಅಳತೆಯೇ. ಅದನ್ನು ಸೇರಿಸಿಕೊಳ್ಳುವ ಲೆಕ್ಕದ ಕ್ರಮಗಳು ಈಗ ಇವೆ. ಪರೀಕ್ಷೆಯ ಕಡಸುಗಳಿಗೆ ಪ್ರೋತ್ಸಾಹಕ್ಕಾಗಿ ಪಶು ಆಹಾರವನ್ನೋ ಖನಿಜ ಮಿಶ್ರಣವನ್ನೋ ಕೊಡುವುದಾದರೆ ಹೋಲಿಕೆಗೆ ಬರುವ ಎಲ್ಲ ಕಡಸುಗಳಿಗೂ ಸಮನಾಗಿ ಕೊಡಬೇಕು.

ತಂದೆ ಯಾರೆಂಬ ಪ್ರಶ್ನೆ

ಹಾಲನ್ನು ಎಷ್ಟು ಜಾಗರೂಕತೆಯಿಂದ ತೂಗಿದರೂ ಕಡಸಿನ ತಂದೆಯ ಹೆಸರೇ ತಪ್ಪಾಗಿದ್ದರೆ ಎಲ್ಲವೂ ವ್ಯರ್ಥ. ಕೃತಕ ಗರ್ಭಧಾರಣೆಯು ನಿಲ್ಲದೆ ಹಸುವು ಮತ್ತೆ ಬೆದೆಗೆ ಬಂದಾಗ ಊರ ಹೋರಿಯನ್ನು ಬಿಟ್ಟಿರಬಹುದು. ನೌಕರನು ಸಂಜೆ ಮನೆಗೆ ಹೋಗಿ ನೆನಪಿನಿಂದ ಸಂಖ್ಯೆಗಳನ್ನು ತುಂಬಿರಬಹುದು. ಐದರಲ್ಲಿ ಒಂದು ಕಡಸಿನ ತಂದೆ ತಪ್ಪಾಗಿ ಬರೆಯಲ್ಪಟ್ಟರೆ, ೩೦೦ ಕಿಲೋ ಹೆಚ್ಚಿಸುವ ಹೋರಿಯು ೨೪೦ ಕಿಲೋವಿನದಾಗಿ ಕಾಣುವುದು. ೩೦೦ ಕಿಲೋ ಇಳಿಸುವ ಕೆಟ್ಟ ಹೋರಿಯು ೨೪೦ ಮಾತ್ರ ಇಳಿಸಿದಂತೆ ಕಾಣುವುದು. ಒಳ್ಳೆಯದೂ ಕೆಟ್ಟದೂ ಒಂದರ ಹತ್ತಿರಕ್ಕೊಂದು ಬಂದು, ಆರಿಸುವವನ ಕಣ್ಣು ಮಂಕಾಗುವುದು. ಈಗ ಪ್ರತಿ ಹಸುವಿಗೂ ಹನ್ನೆರಡು ಅಂಕಗಳ ಕಿವಿಯೋಲೆಯನ್ನು ಹಾಕುವ ಕ್ರಮ ಬಂದಿರುವುದರಿಂದ ಹಸುವಿನ ಗುರುತು ತಪ್ಪುವ ಸಂಭವ ಕಡಮೆಯಾಗಿದೆ. ಸಂಶಯವಿರುವಲ್ಲಿ ಕಡಸಿನ ಕೂದಲಿನಿಂದಲೋ ರಕ್ತದಿಂದಲೋ ಡಿಎನ್‌ಎ ಪರೀಕ್ಷೆ ಮಾಡಿ ತಂದೆಯನ್ನು ನಿಶ್ಚಯಿಸಬಹುದು.

ಡಿಎನ್‌ಎ ಪರೀಕ್ಷೆಯು ಇನ್ನೂ ಮುಂದಕ್ಕೆ ಹೋಗಿದೆ. ೨೦೦೧ರಲ್ಲಿ ಮ್ಯೂವಿಸ್ಸನ್, ಹೇಯ್ಸ್, ಗೊಡ್ಡಾರ್ಡ್ ಎಂಬ ಮೂವರು ಪಂಡಿತರು, ಹುಟ್ಟಿದ ಗಂಡುಕರುವಿನ ಡಿಎನ್‌ಎಯಲ್ಲಿರುವ ಸಾವಿರಾರು ಗುರುತುಗಳನ್ನು ಓದಿ ಅದರ ಹಾಲಿನ ಗುಣವನ್ನು ಅಂದಾಜು ಮಾಡುವ ಮಾರ್ಗವನ್ನು ತೋರಿಸಿದರು. ಅಮೆರಿಕಾದಲ್ಲಿ ೨೦೦೯ರಿಂದ ಇದು ಅಧಿಕೃತವಾಗಿ ಬಳಕೆಗೆ ಬಂದಿತು. ಹೆಣ್ಣುಮಕ್ಕಳು ಹುಟ್ಟಿ, ಬೆಳೆದು, ಈದು, ಕರೆದು ಮುಗಿಯುವಷ್ಟರಲ್ಲಿ ಹೋರಿಗೆ ಆರೇಳು ವರ್ಷ ತುಂಬುವುದು. ಆ ಕಾಯುವಿಕೆಯು ಇದರಿಂದ ಬಹಳ ಮಟ್ಟಿಗೆ ತಪ್ಪುವುದು. ನಮ್ಮ ದೇಶದಲ್ಲಿಯೂ ದೇಶೀಯ ಗೋತಳಿಗಳಿಗಾಗಿ ಗೌ ಚಿಪ್, ಎಮ್ಮೆಗಳಿಗಾಗಿ ಮಹಿಷ ಚಿಪ್ ಎಂಬುವು ೨೦೨೪ರಲ್ಲಿ ಬಿಡುಗಡೆಯಾದುವು. ಆದರೆ ಈ ಗುರುತುಗಳಿಗೆ ತಮ್ಮಷ್ಟಕ್ಕೆ ತಾವೇ ಅರ್ಥವಿಲ್ಲ. ಯಾವ ಗುರುತಿದ್ದರೆ ಎಷ್ಟು ಹಾಲು ಎಂಬುದನ್ನು ಕಲಿಯಬೇಕಾದರೆ ಸಾವಿರಾರು ಹಸುಗಳ ಗುರುತುಗಳೂ ಅವುಗಳ ತ್ರಾಸಿಗೆ ಬಂದ ಹಾಲೂ ಎರಡೂ ಕೈಯಲ್ಲಿರಬೇಕು. ಹೋಲ್‌ಸ್ಟೀನ್ ತಳಿಯಲ್ಲಿ ಹೊರದೇಶದವರು ಕಲಿತ ಪಾಠವು ಮಿಶ್ರತಳಿಯ ಹಸುವಿಗೂ ಗೀರ್, ಸಾಹಿವಾಲ್‌ಗಳಿಗೂ ಹಾಗೆಯೇ ಹೊಂದುವುದಿಲ್ಲ. ಹೊಸ ಶಾಸ್ತ್ರವು ಬಂದಿತೆಂದು ತಕ್ಕಡಿಯನ್ನು ಅಟ್ಟಕ್ಕೆ ಸೇರಿಸಿದರೆ ಆ ಶಾಸ್ತ್ರಕ್ಕೇ ಮೇವಿಲ್ಲದಂತಾಗುವುದು.

ಹೋರಿಗಳ ಪಟ್ಟಿಯನ್ನು ಓದುವಾಗ ಎರಡು ಅಂಕಿಗಳನ್ನು ಒಟ್ಟಿಗೆ ನೋಡಬೇಕು: ಒಂದು, ಹೋರಿಯಿಂದ ನಿರೀಕ್ಷಿಸಬಹುದಾದ ಹೆಚ್ಚಳ; ಎರಡು, ಆ ಹೆಚ್ಚಳಕ್ಕೆ ಇರುವ ನಂಬಿಕೆಯ ಪ್ರಮಾಣ. ಈ ಎರಡನೆಯ ಅಂಕಿಯಿಲ್ಲದ ಪಟ್ಟಿಯನ್ನು ಬದಿಗಿಡುವುದೇ ಮೇಲು. ಸ್ಟ್ರಾ ಎಂದು ಕರೆಯುವ ವೀರ್ಯದ ನಳಿಕೆಯ ಮೇಲೆ ಹೋರಿಯ ಸಂಖ್ಯೆ, ತಳಿ, ತಯಾರಿಸಿದ ಕೇಂದ್ರ ಇವು ಅಚ್ಚಾಗಿರುವುವು. ಗರ್ಭಧಾರಣೆ ಮಾಡಿದ ಕೂಡಲೇ ರೈತರು ಆ ನಳಿಕೆಯನ್ನು ಕೇಳಿ ಪಡೆದು, ಅದರ ಸಂಖ್ಯೆಯನ್ನೂ ತಾರೀಖನ್ನೂ ಹಸುವಿನ ಕಿವಿಯೋಲೆಯ ಸಂಖ್ಯೆಯೊಡನೆ ಮನೆಯ ಪುಸ್ತಕದಲ್ಲಿ ತಾವೇ ಬರೆದಿಟ್ಟುಕೊಳ್ಳಬಹುದು. ಹಸುವು ಮರಳಿ ಬೆದೆಗೆ ಬಂದು ಬೇರೆ ಹೋರಿಯನ್ನು ಬಿಟ್ಟಿದ್ದರೆ ಅದನ್ನೂ ಮರೆಮಾಚದೆ ಬರೆದು, ಹಾಲು ತೂಗಲು ಬರುವವನಿಗೆ ತಿಳಿಸತಕ್ಕದ್ದು.